ಎರಡು ಬಗೆಯ ಉಕ್ಕು: ನಾಚ್ ಯಾವ ಕಡೆ?

ಪ್ರಶ್ನೆ: ಕಾರ್ಬನ್ ಸ್ಟೀಲನ್ನು 304ಎಲ್ ಸ್ಟೇನ್‌ಲೆಸ್‌ಗೆ 309ಎಲ್ ಫಿಲ್ಲರ್‌ನಿಂದ (ಬೆಸುಗೆಯಲ್ಲಿ ಕರಗಿಸಿ ತುಂಬುವ ಲೋಹ) ಬೆಸೆಯುವ ವಿಧಾನಕ್ಕೆ ಮೈನಸ್ 46 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚಾರ್ಪಿ ಪರೀಕ್ಷೆ (ನಾಚ್ ಎಂಬ ಸಣ್ಣ ಗಾಡಿ ಕೊರೆದ ತುಂಡನ್ನು ತೂಗುವ ಸುತ್ತಿಗೆಯಿಂದ ಒಂದೇಟಿಗೆ ಮುರಿದು, ಲೋಹ ಎಷ್ಟು ಪೆಟ್ಟು ತಾಳುತ್ತದೆಂದು ಅಳೆಯುವುದು) ಕೇಳಿದ್ದಾರೆ. ವೆಲ್ಡ್ ಲೋಹದಿಂದ ಮೂರು ತುಂಡು ಸಾಲದೇ?

ಉತ್ತರ: ಸಾಲದು. ಇಂಥ ಜೋಡಣೆಯಲ್ಲಿ ನನಗೆ ಹೆಚ್ಚು ಭಯ ಕಾರ್ಬನ್ ಸ್ಟೀಲ್ ಬದಿಯ ಶಾಖಪೀಡಿತ ವಲಯದ್ದು, ಅಂದರೆ ಕರಗದೆ ಬೆಸುಗೆಯ ಬಿಸಿಗೆ ಗುಣ ಬದಲಾದ ಪಟ್ಟಿಯದ್ದು. ಅಲ್ಲಿಂದಲೂ ಮೂರು ತುಂಡು ತೆಗೆಯಿರಿ. 304ಎಲ್ ಬದಿಗೆ ಸಾಮಾನ್ಯವಾಗಿ ವಿನಾಯಿತಿ ಉಂಟು; ಆದರೂ ನಿಮ್ಮ ಕೆಲಸಕ್ಕೆ ಅನ್ವಯಿಸುವ ಕೋಡ್ (ನಿಯಮ ಪುಸ್ತಕ) ನೋಡಿಕೊಂಡೇ ಬಿಡಿ.

ನಾಚ್ ಕೊರೆಯುವ ಮುನ್ನ ತುಂಡನ್ನು ನೈಟಾಲ್‌ನಿಂದ (ಆಲ್ಕೊಹಾಲ್‌ನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ) ಎಚ್ ಮಾಡಿಸಿ, ಅಂದರೆ ಮೇಲ್ಮೈಯನ್ನು ತುಸು ಕೊರೆಯಿಸಿ ಲೋಹದ ರಚನೆ ಕಾಣುವಂತೆ ಮಾಡಿಸಿ. ಕಾರ್ಬನ್ ಬದಿಯಲ್ಲಿ ವಲಯ ಕಪ್ಪಗೆ ಎದ್ದು ಕಾಣುತ್ತದೆ, ಸ್ಟೇನ್‌ಲೆಸ್ ಹಾಗೇ ಹೊಳೆಯುತ್ತಿರುತ್ತದೆ. ಕಣ್ಣಂದಾಜಿನಲ್ಲಿ ಗೆರೆ ಎಳೆಯುವವರನ್ನು ಕಂಡರೆ ನನಗೆ ಸಿಟ್ಟು! 2 ಮಿ.ಮೀ. ಆಳದ ಆ ನಾಚ್ ತುಸು ಸರಿದರೂ ನೀವು ಅಳೆಯುವುದು ಬೇರೆ ಲೋಹವನ್ನು. ತಣ್ಣನೆಯ ದ್ರವದಿಂದ ತೆಗೆದ ತುಂಡು 5 ಸೆಕೆಂಡಿನೊಳಗೆ ಮುರಿಯಬೇಕು. ಬೆಸೆಯುವಾಗಿನ ಹೀಟ್ ಇನ್‌ಪುಟ್ (ಬೆಸುಗೆಯ ಪ್ರತಿ ಉದ್ದಕ್ಕೆ ಸೇರುವ ಶಾಖ) ಬರೆದಿಡಿ, ಮುಂದೆ ಕೆಲಸದಲ್ಲಿ ಅದನ್ನು ಮೀರುವಂತಿಲ್ಲ.