ಬಾಡಿಗೆ ಕಟ್ಟಿದ ಮೇಲೆ ಉಳಿಯುವುದೆಷ್ಟು?

ವಿದೇಶದ ಕೆಲಸಕ್ಕೆ ಹೇಳಿರುವ ಸಂಬಳವನ್ನು ರೂಪಾಯಿಗೆ ಗುಣಿಸಿ, "ಇಷ್ಟಿದ್ದರೆ ಅಲ್ಲಿ ನೆಮ್ಮದಿಯಾಗಿ ಇರಬಹುದಲ್ವಾ?" ಎಂದು ಕೇಳಿದ್ದೀರಿ. ಆ ಗುಣಾಕಾರವನ್ನು ಮೊದಲು ಬಿಡಿ. ನೀವು ದುಡಿಯುವುದೂ ಖರ್ಚು ಮಾಡುವುದೂ ಅಲ್ಲಿನ ಹಣದಲ್ಲೇ. ವಿನಿಮಯ ದರ ಬೇಕಾಗುವುದು ಮನೆಗೆ ಕಳಿಸುವ ದುಡ್ಡಿಗೆ ಮಾತ್ರ. ಕೆಲಸ ಕೊಡುವವರ ಪತ್ರದಲ್ಲಿರುವ ಮೊತ್ತ ತೆರಿಗೆ, ವಿಮೆ, ಪಿಂಚಣಿ ಹಿಡಿಯುವ ಮುಂಚಿನದೋ, ಕೈಗೆ ಬರುವುದೋ ಅನ್ನುವುದನ್ನೂ ಕೇಳಿ ತಿಳಿದುಕೊಳ್ಳಿ.

ಆಮೇಲೆ ಬಾಡಿಗೆ. ಇಷ್ಟು ವರ್ಷ ಹೊರದೇಶದಲ್ಲಿದ್ದು ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಅದರಲ್ಲೇ ಇದೆ. ಮನೆಯ ಖರ್ಚು ಆದಾಯದ ಶೇ 30 ದಾಟಿದರೆ ಅದು ಹೊರೆ ಎಂದು ಅಮೆರಿಕದ ವಸತಿ ಇಲಾಖೆ ಲೆಕ್ಕ ಹಾಕುತ್ತದೆ. ಯುರೋಪಿನ ಒಕ್ಕೂಟದ ಅಂಕಿಅಂಶ ಸಂಸ್ಥೆ ಯೂರೋಸ್ಟ್ಯಾಟ್ ಅತಿಹೊರೆಗೆ ಹಾಕಿರುವ ಗೆರೆ ಶೇ 40. ಈ ತಿಂಗಳು ಬಾಡಿಗೆ ಸ್ವಲ್ಪ ಕಡಿಮೆ ಕೊಡುತ್ತೇನೆ ಅನ್ನಲಾಗುವುದಿಲ್ಲ. ಹಾಗಾಗಿ ಕತ್ತರಿ ಬೀಳುವುದು ಬೇರೆ ಕಡೆ: ಹಲ್ಲುನೋವು ಬಂದರೆ ಮುಂದಿನ ತಿಂಗಳು ನೋಡೋಣ ಅನ್ನುತ್ತೀರಿ, ಮಗುವಿನ ಈಜು ತರಗತಿ ನಿಲ್ಲುತ್ತದೆ, ಗೆಳೆಯರು ಕರೆದರೆ ಏನೋ ನೆಪ ಹೇಳುತ್ತೀರಿ. ಹೊಸ ದೇಶದಲ್ಲಿ ಈ ಕೊನೆಯದು ತುಂಬಾ ಕಾಡುತ್ತದೆ. ಜನರ ಒಡನಾಟ ತಪ್ಪಿದರೆ ಒಳ್ಳೆಯ ಕೆಲಸದ ಸುದ್ದಿಯೂ ಕಿವಿಗೆ ಬೀಳುವುದಿಲ್ಲ, ಕಷ್ಟಕ್ಕೆ ಒದಗುವವರೂ ಇರುವುದಿಲ್ಲ.

ಬಾಡಿಗೆ ಕಡಿಮೆ ಎಂದು ದೂರ ಹೋದರೆ ಹಣದ ಬದಲು ಹೊತ್ತು ಕೊಡಬೇಕಾಗುತ್ತದೆ. ಓಡಾಟಕ್ಕೆ ದಿನಕ್ಕೆ 2 ಗಂಟೆ ಹೆಚ್ಚಾದರೂ 22 ಕೆಲಸದ ದಿನಗಳಿಗೆ 44 ಗಂಟೆ. ಒಂದು ವಾರದ ದುಡಿಮೆಯಷ್ಟು ಹೊತ್ತು, ಅದೂ ಸಂಬಳವಿಲ್ಲದೆ.

ಬೆಲೆ ಏರಿಕೆ ಎಲ್ಲರಿಗೂ ಒಂದೇ ಅಲ್ಲ ಅನ್ನುವುದೂ ತಿಳಿದಿರಲಿ. ಆದಾಯ ಕಡಿಮೆಯಾದಷ್ಟೂ ಅದರಲ್ಲಿ ಊಟಕ್ಕೆ ಹೋಗುವ ಪಾಲು ದೊಡ್ಡದು ಎಂದು ಜರ್ಮನಿಯ ಅಂಕಿಅಂಶ ತಜ್ಞ ಅರ್ನ್‌ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದ. ದಿನಸಿ ಬೆಲೆ ಏರಿದಾಗ ಪತ್ರಿಕೆಯಲ್ಲಿ ಬರುವ ಸರಾಸರಿ ಹಣದುಬ್ಬರ ಸಣ್ಣ ಸಂಬಳದವರ ಕಷ್ಟವನ್ನು ಪೂರ್ತಿ ಹೇಳುವುದಿಲ್ಲ. ಶುರುವಿನ ವರ್ಷಗಳಲ್ಲಿ ನೀವೂ ಆ ಸಾಲಿನಲ್ಲೇ ಇರಬಹುದು.

ಇದರ ಜೊತೆಗೆ ಸರ್ಕಾರ ಏನು ಕೊಡುತ್ತದೆ ನೋಡಿ. ಆಸ್ಪತ್ರೆ, ಶಾಲೆ, ಬಸ್ಸು ಚೆನ್ನಾಗಿರುವ ಕಡೆ ಕಡಿಮೆ ಸಂಬಳದಲ್ಲೂ ಧೈರ್ಯವಾಗಿ ಬದುಕಬಹುದು. ನಾನಾದರೆ ಅಂಥ ಊರನ್ನೇ ಆರಿಸುತ್ತೇನೆ.

ಕೈಗೆ ಬರುವ ಸಂಬಳ, ಕೆಲಸದ ಜಾಗದ ಹತ್ತಿರದ ಬಾಡಿಗೆ, ಮುಂಗಡ ಎಷ್ಟು ಕೇಳುತ್ತಾರೆ, ನಿಮ್ಮ ಸಂಗಾತಿಗೂ ದುಡಿಯಲು ಅನುಮತಿ ಇದೆಯೇ ಎಂದು ವಿಚಾರಿಸಿ ತಿಳಿಸಿ. ಒಪ್ಪಿಗೆ ಕೊಡುವ ಮುಂಚೆ ಒಟ್ಟಿಗೆ ಕೂತು ಲೆಕ್ಕ ಹಾಕೋಣ.