ಓದುಗರ ಪ್ರಶ್ನೆ: ಅತಿವಾಹಕ ಮ್ಯಾಗ್ನೆಟ್‌ನ ಕಾವಲು ಬದಲಿಸುವಾಗ

ಪ್ರಶ್ನೆ: ನಮ್ಮ ದೊಡ್ಡ ಅತಿವಾಹಕ ಮ್ಯಾಗ್ನೆಟ್‌ನ (ಹೀಲಿಯಂನಿಂದ ತಣಿಸಿ, ರೋಧವಿಲ್ಲದೆ ಕರೆಂಟ್ ಹರಿಸುವ ಕಾಯಿಲ್) ರಕ್ಷಣಾ ವ್ಯವಸ್ಥೆ ರಿಲೇಗಳ ಕಾಲದ್ದು. ಬಿಡಿಭಾಗ ಸಿಗುತ್ತಿಲ್ಲ. ಎಲ್ಲವನ್ನೂ ಒಂದೇ ಪಿಎಲ್‌ಸಿಗೆ (ಯಂತ್ರಗಳನ್ನು ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರ್) ವಹಿಸಿದರೆ ಆಗದೆ?

ಉತ್ತರ: ಎಲ್ಲವನ್ನೂ ಬೇಡ. ಹೀಲಿಯಂ ಮಟ್ಟ, ತಾಪಮಾನ, ನಿರ್ವಾತ, ಕರೆಂಟ್ ಲೀಡ್‌ಗಳ ಅನಿಲ ಹರಿವು, ತಂಪು ನೀರು ಇವೆಲ್ಲ ನಿಧಾನವಾಗಿ ಬದಲಾಗುವಂಥವು, ಪಿಎಲ್‌ಸಿಗೆ ಒಪ್ಪಿಸಿ. ಕ್ವೆಂಚ್, ಅಂದರೆ ಅತಿವಾಹಕತೆ ಹಠಾತ್ತನೆ ಕಳೆದುಹೋಗುವುದು, ಹಾಗಲ್ಲ. ತಂತಿಯ ಒಂದು ತುಣುಕು ಅತಿವಾಹಕತೆ ಕಳೆದುಕೊಂಡ ಕೂಡಲೇ ಕಾಯಿಲ್‌ನ ಶಕ್ತಿ ಆ ಜಾಗದಲ್ಲಿ ಶಾಖವಾಗತೊಡಗುತ್ತದೆ. 0.5 ಹೆನ್ರಿಯ ಕಾಯಿಲ್‌ನಲ್ಲಿ 10,000 ಆಂಪಿಯರ್ ಹರಿಯುತ್ತಿದ್ದರೆ ಅಲ್ಲಿ 25 ಮೆಗಾಜೂಲ್ ಕೂತಿರುತ್ತದೆ. ಪಿಎಲ್‌ಸಿ ತನ್ನ ಸ್ಕ್ಯಾನ್ (ಓದಿ, ಲೆಕ್ಕ ಹಾಕುವ ಒಂದು ಸುತ್ತು) ಮುಗಿಸುವವರೆಗೆ ಅದು ಕಾಯುವುದಿಲ್ಲ. ಪ್ರೋಗ್ರಾಂ ಅಪ್‌ಡೇಟ್ ಮಾಡುವಾಗ ಪಿಎಲ್‌ಸಿ ನಿಂತೇ ಹೋಗಬಹುದು ಎಂಬುದು ಬೇರೆ.

ಕ್ವೆಂಚ್ ಪತ್ತೆಗೆ ಪ್ರತ್ಯೇಕ ಅನಲಾಗ್ ಅಥವಾ ಎಫ್‌ಪಿಜಿಎ (ಬೇಕಾದ ತರ್ಕವನ್ನು ಚಿಪ್‌ನೊಳಗೇ ಜೋಡಿಸಬಹುದಾದ, ಅತಿವೇಗದ) ಕಾರ್ಡ್‌ಗಳನ್ನೇ ಇಡಿ. ಮೂರು ಕಾರ್ಡ್ ಹಾಕಿ, ಯಾವುದಾದರೂ ಎರಡು ಒಪ್ಪಿದರೆ ಟ್ರಿಪ್ ಆಗುವಂತೆ (ಮ್ಯಾಗ್ನೆಟ್‌ನ ಪವರ್ ಕಡಿಯುವಂತೆ) ಮಾಡಿ. ಟ್ರಿಪ್ ಸಂಪರ್ಕಗಳನ್ನೆಲ್ಲ ಸರಣಿಯಲ್ಲಿ ಜೋಡಿಸಿ 24 ವೋಲ್ಟ್‌ನ ಒಂದು ಲೂಪ್ ಕಟ್ಟಿ. ಲೂಪಿನಲ್ಲಿ ಕರೆಂಟ್ ಇದ್ದರೆ ಸುರಕ್ಷಿತ. ತಂತಿ ತುಂಡಾಗಲಿ, ಕನೆಕ್ಟರ್ ಕಳಚಲಿ, ಕಾರ್ಡಿಗೆ ವಿದ್ಯುತ್ ಹೋಗಲಿ, ಲೂಪ್ ಕಡಿದು ಬ್ರೇಕರ್ ತೆರೆಯಬೇಕು. ಪಿಎಲ್‌ಸಿ ಈ ಲೂಪನ್ನು ಕಡಿಯಬಹುದು, ಆದರೆ ಮುಚ್ಚಿಡುವ ಅಧಿಕಾರ ಅದಕ್ಕಿರಬಾರದು.

ಪ್ರಶ್ನೆ: ಹೊಸ ಡಿಜಿಟಲ್ ಕಾರ್ಡ್ ಹಾಕಿದ ಮೇಲೆ ಕರೆಂಟ್ ಏರಿಸುವಾಗ ಪದೇ ಪದೇ ಸುಳ್ಳು ಟ್ರಿಪ್. ಥ್ರೆಶೋಲ್ಡ್ (ಟ್ರಿಪ್ ಆಗುವ ವೋಲ್ಟೇಜ್ ಮಿತಿ) ಏರಿಸಬಹುದೆ?

ಉತ್ತರ: ಅದು ಕೊನೆಯ ಉಪಾಯ. ನಾಯಿ ಬೊಗಳುತ್ತದೆಂದು ಅದರ ಬಾಯಿ ಕಟ್ಟಿದಂತಾಗುತ್ತದೆ. ಮೊದಲು ಬ್ರಿಜ್‌ನ ಸಮತೋಲ ನೋಡಿ. ಕಾಯಿಲ್‌ನ ಎರಡು ಅರ್ಧಗಳ ವೋಲ್ಟೇಜನ್ನು ಒಂದರಿಂದೊಂದು ಕಳೆದರೆ ಇಂಡಕ್ಟಿವ್ ಭಾಗ (ಕರೆಂಟ್ ಬದಲಾಗುವುದರಿಂದ ಬರುವುದು) ಹೊಡೆದುಹೋಗಿ ರೆಸಿಸ್ಟಿವ್ ಭಾಗ (ಕ್ವೆಂಚ್ ಆದ ಜಾಗದ ರೋಧದಿಂದ ಬರುವುದು) ಮಾತ್ರ ಉಳಿಯಬೇಕು. ಮೇಲಿನ ಉದಾಹರಣೆಯ ಕಾಯಿಲನ್ನು ಸೆಕೆಂಡಿಗೆ 10 ಆಂಪಿಯರ್‌ನಂತೆ ಏರಿಸಿದರೆ ಪ್ರತಿ ಅರ್ಧಕ್ಕೂ 2.5 ವೋಲ್ಟ್. ಹೊಂದಾಣಿಕೆ ಶೇ 1ರಷ್ಟು ತಪ್ಪಿದರೂ 25 ಮಿಲಿವೋಲ್ಟ್ ಉಳಿದುಬಿಡುತ್ತದೆ. ಥ್ರೆಶೋಲ್ಡ್ 100 ಮಿಲಿವೋಲ್ಟ್ ಇದ್ದರೆ ಅದರ ಕಾಲು ಭಾಗ ಅಲ್ಲೇ ಮುಗಿಯಿತು. ಅದರ ಮೇಲೆ ಥೈರಿಸ್ಟರ್ ಪವರ್ ಸಪ್ಲೈನ 300 ಅಥವಾ 600 ಹರ್ಟ್ಸ್ ರಿಪಲ್ (ವೋಲ್ಟೇಜಿನ ಏರಿಳಿತ) ಸವಾರಿ ಮಾಡುತ್ತದೆ. ಹಳೆಯ ರಿಲೇಗೆ ಅದು ಕಾಣುತ್ತಲೇ ಇರಲಿಲ್ಲ, ಹೊಸ ಕಾರ್ಡಿಗೆ ಕಾಣುತ್ತದೆ, ಅಷ್ಟೇ.

ಸಮತೋಲ ಸರಿಯಾದ ಮೇಲೂ ತೊಂದರೆ ಇದ್ದರೆ, ಸಂಕೇತ ಎಷ್ಟು ಹೊತ್ತು ಮಿತಿಯ ಮೇಲಿದ್ದರೆ ಟ್ರಿಪ್ ಆಗಬೇಕು ಎಂಬ ಕಾಯುವ ಅವಧಿಯನ್ನು ಹೆಚ್ಚಿಸಿ. ಆದರೆ ಲೆಕ್ಕ ಹಾಕಿ ಹೆಚ್ಚಿಸಿ. ಕರೆಂಟಿನ ವರ್ಗವನ್ನು ಸಮಯದಿಂದ ಗುಣಿಸಿ ಕೂಡುತ್ತ ಹೋದರೆ ಬರುವ ಮೊತ್ತ ತಂತಿಯ ಅತಿ ಬಿಸಿ ಬಿಂದುವಿನ ತಾಪವನ್ನು ನಿರ್ಧರಿಸುತ್ತದೆ. 10,000 ಆಂಪಿಯರ್‌ನಲ್ಲಿ 10 ಮಿಲಿಸೆಕೆಂಡ್ ಕಾದರೆ ಈ ಮೊತ್ತ 10 ಲಕ್ಷ, 100 ಮಿಲಿಸೆಕೆಂಡ್ ಕಾದರೆ 1 ಕೋಟಿ. ಒಟ್ಟು 3 ಕೋಟಿಯಷ್ಟೇ ತಡೆಯುವ ತಂತಿಯಾದರೆ ಮೂರನೇ ಒಂದು ಭಾಗ ಬರೀ ಕಾಯುವುದರಲ್ಲೇ ಖರ್ಚು. ತಾಮ್ರ, ಅಲ್ಯೂಮಿನಿಯಂ ಧಾರಾಳವಾಗಿರುವ ಡಿಟೆಕ್ಟರ್ ಸೊಲೆನಾಯ್ಡ್‌ಗಳಲ್ಲಿ ಇಷ್ಟು ಬಿಗಿ ಇರುವುದಿಲ್ಲ.

ನಯೋಬಿಯಂ-ತವರ ತಂತಿಯಾದರೆ ಕಡಿಮೆ ಕರೆಂಟಿನಲ್ಲಿ ಫ್ಲಕ್ಸ್ ಜಂಪ್‌ಗಳೇ (ತಂತಿಯೊಳಗಿನ ಕಾಂತಕ್ಷೇತ್ರ ಹಠಾತ್ತನೆ ಜಿಗಿಯುವುದು) ಕ್ವೆಂಚ್‌ನಂತೆ ಕಾಣಿಸುತ್ತವೆ. ಅಲ್ಲಿ ಕರೆಂಟಿಗೆ ತಕ್ಕಂತೆ ಬದಲಾಗುವ ಥ್ರೆಶೋಲ್ಡ್ ಬೇಕು, ಕೆಳಗೆ ಸಡಿಲ, ಮೇಲೆ ಬಿಗಿ. ಇನ್ನೊಂದು ಮಾತು: ಎರಡೂ ಅರ್ಧಗಳಲ್ಲಿ ಒಟ್ಟಿಗೇ ಕ್ವೆಂಚ್ ಹಬ್ಬಿದರೆ ಬ್ರಿಜ್‌ಗೆ ಅದು ಕಾಣುವುದೇ ಇಲ್ಲ. ಅದಕ್ಕಾಗಿ ಪಕ್ಕದ ಮ್ಯಾಗ್ನೆಟ್ ಜೊತೆ ಹೋಲಿಸುವ, ಇಲ್ಲವೇ ಇಡೀ ಕಾಯಿಲ್‌ನ ವೋಲ್ಟೇಜಿನಿಂದ ಇಂಡಕ್ಟಿವ್ ಭಾಗವನ್ನು ಲೆಕ್ಕ ಹಾಕಿ ಕಳೆಯುವ ಎರಡನೇ ಚಾನೆಲ್ ಇಡಿ.

ಪ್ರಶ್ನೆ: ಕಾಯಿಲ್‌ಗೆ ಕಾವಲಿದ್ದರೆ ಸಾಲದೆ? ಬಸ್‌ಬಾರ್ (ಮ್ಯಾಗ್ನೆಟ್‌ಗಳಿಗೆ ಕರೆಂಟ್ ಒಯ್ಯುವ ದಪ್ಪ ವಾಹಕ) ಜೋಡಣೆಗಳನ್ನೂ ನೋಡಬೇಕೆ?

ಉತ್ತರ: ನೋಡಲೇಬೇಕು. 2008ರ ಸೆಪ್ಟೆಂಬರ್ 19ರಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಕಣವೇಗವರ್ಧಕ ಎಲ್‌ಎಚ್‌ಸಿಯಲ್ಲಿ ಸುಮಾರು 8,700 ಆಂಪಿಯರ್ ಇದ್ದಾಗ ಎರಡು ಮ್ಯಾಗ್ನೆಟ್‌ಗಳ ನಡುವಿನ ಒಂದು ಬೆಸುಗೆ ಕೈಕೊಟ್ಟಿತು. ವಿದ್ಯುತ್ ಕಿಡಿ ಹೀಲಿಯಂ ಕವಚವನ್ನು ತೂತು ಮಾಡಿತು, ಟನ್‌ಗಟ್ಟಲೆ ಹೀಲಿಯಂ ಹೊರನುಗ್ಗಿತು. 53 ಮ್ಯಾಗ್ನೆಟ್‌ಗಳನ್ನು ಸುರಂಗದಿಂದ ಮೇಲೆ ತರಬೇಕಾಯಿತು. ಆ ಬೆಸುಗೆಯ ರೋಧ ಸುಮಾರು 200 ನ್ಯಾನೋ ಓಮ್ ಇದ್ದಿರಬೇಕೆಂದು ಅಂದಾಜು. ಗುಣಿಸಿ ನೋಡಿ: ವೋಲ್ಟೇಜ್ 1.7 ಮಿಲಿವೋಲ್ಟ್, ಶಾಖ 15 ವ್ಯಾಟ್. ಬಸ್‌ಬಾರ್‌ಗೆ ಆಗ ಇದ್ದ ಥ್ರೆಶೋಲ್ಡ್ 1 ವೋಲ್ಟ್. ಆಮೇಲೆ ಅಳವಡಿಸಿದ ವ್ಯವಸ್ಥೆಯಲ್ಲಿ ಅದು 0.3 ಮಿಲಿವೋಲ್ಟ್‌ಗೆ ಇಳಿಯಿತು.

ಅಷ್ಟು ಕೆಳಗಿಳಿದರೆ ಆಂಪ್ಲಿಫೈಯರ್ ಡ್ರಿಫ್ಟ್ ಮತ್ತು ಬೇರೆ ಬೇರೆ ಲೋಹ ಸೇರುವ ಕಡೆಯ ತಾಪವಿದ್ಯುತ್ ಕಾಟ ಕೊಡುತ್ತವೆ. ಶೂನ್ಯ ಕರೆಂಟಿನಲ್ಲಿ ಅಳೆದ ಆಫ್‌ಸೆಟ್ ಕಳೆದು, ಸೆಕೆಂಡುಗಟ್ಟಲೆ ಸರಾಸರಿ ತೆಗೆಯಿರಿ. ಬಸ್‌ಬಾರ್‌ನಲ್ಲಿ ಅಷ್ಟು ಸಮಯ ಸಿಗುತ್ತದೆ.

ಪ್ರಶ್ನೆ: ಹಳೆಯದನ್ನು ಕಿತ್ತು ಹೊಸದಕ್ಕೆ ಬದಲಾಗುವ ಕ್ರಮ?

ಉತ್ತರ: ಒಮ್ಮೆಲೇ ಕೀಳಬೇಡಿ. ಹೊಸ ಕಾರ್ಡ್‌ಗಳನ್ನು ಅದೇ ವೋಲ್ಟೇಜ್ ಟ್ಯಾಪ್‌ಗಳಿಗೆ (ಕಾಯಿಲ್‌ನ ವೋಲ್ಟೇಜ್ ಅಳೆಯಲು ತಂದ ತೆಳು ತಂತಿಗಳು) ಜೋಡಿಸಿ, ಟ್ರಿಪ್ ಅಧಿಕಾರ ಕೊಡದೆ, ಬರೀ ದಾಖಲಿಸಲು ಬಿಡಿ. ಹಳೆಯದೂ ಹೊಸದೂ ಒಂದೇ ಗಡಿಯಾರ ನೋಡಬೇಕು, ಇಲ್ಲದಿದ್ದರೆ ಯಾವುದು ಮೊದಲು ಟ್ರಿಪ್ ಆಯಿತೆಂಬ ಜಗಳ ಬಗೆಹರಿಯುವುದಿಲ್ಲ. ಪ್ರತಿ ಟ್ಯಾಪ್‌ಗೂ ಕ್ರಯೋಸ್ಟಾಟ್‌ನಿಂದ (ಮ್ಯಾಗ್ನೆಟನ್ನು ತಣ್ಣಗಿಡುವ ಪಾತ್ರೆ) ಹೊರಬರುವ ಕನೆಕ್ಟರ್ ಹತ್ತಿರವೇ ಕರೆಂಟ್ ತಡೆಯುವ ರೆಸಿಸ್ಟರ್ ಇರಲಿ. ಎರಡು ಟ್ಯಾಪ್ ತಂತಿಗಳು ಶಾರ್ಟ್ ಆದರೆ ಡಂಪ್ (ಕಾಯಿಲ್‌ನ ಶಕ್ತಿಯನ್ನು ಹೊರಗಿನ ರೆಸಿಸ್ಟರ್‌ಗೆ ಹರಿಸುವುದು) ಸಮಯದ ನೂರಾರು ವೋಲ್ಟ್ ತೆಳು ತಂತಿಯನ್ನು ಸುಡುತ್ತದೆ.

ಇನ್ಸುಲೇಷನ್ ಪರೀಕ್ಷೆ ಗಾಳಿಯಲ್ಲಿ ಪಾಸಾಯಿತೆಂದು ನೆಮ್ಮದಿ ಬೇಡ. ಹೀಲಿಯಂ ಅನಿಲ ಗಾಳಿಗಿಂತ ಕಡಿಮೆ ವೋಲ್ಟೇಜಿನಲ್ಲೇ ಬ್ರೇಕ್‌ಡೌನ್ ಆಗುತ್ತದೆ (ಕಿಡಿ ಹಾಯಲು ಬಿಡುತ್ತದೆ), ಅಲ್ಲಿಯೂ ಪರೀಕ್ಷಿಸಿ.

ನಂತರ ಸೊನ್ನೆ ಕರೆಂಟಿನಲ್ಲಿ ಟ್ಯಾಪ್ ತಂತಿಗಳನ್ನು ಒಂದೊಂದಾಗಿ ಕಳಚಿ ನೋಡಿ. ಪ್ರತಿ ಸಲವೂ ಟ್ರಿಪ್ ಬರಬೇಕು. ಬಾರದಿದ್ದರೆ ಆ ಚಾನೆಲ್ ಕುರುಡು. ಆಮೇಲೆ ಶೇ 10, 25, 50, 75ರ ಕರೆಂಟಿನಲ್ಲಿ ಬೇಕೆಂದೇ ಡಂಪ್ ಮಾಡಿ. 0.5 ಹೆನ್ರಿಗೆ 0.05 ಓಮ್ ಡಂಪ್ ರೆಸಿಸ್ಟರ್ ಇದ್ದರೆ ಕಾಲ ಸ್ಥಿರಾಂಕ (ಕರೆಂಟ್ ಮೂರನೇ ಒಂದರಷ್ಟಕ್ಕೆ ಇಳಿಯಲು ಹಿಡಿಯುವ ಹೆಚ್ಚುಕಡಿಮೆ ಸಮಯ) 10 ಸೆಕೆಂಡ್ ಆಸುಪಾಸಿನಲ್ಲಿರಬೇಕು. ಬಹಳ ದೀರ್ಘವಾದರೆ ಬ್ರೇಕರ್ ಪೂರ್ತಿ ತೆರೆದಿಲ್ಲವೇ ಎಂದು ಮೊದಲು ಅನುಮಾನಿಸಿ. ಸರಣಿಯಲ್ಲಿ ಎರಡು ಬ್ರೇಕರ್ ಇರಬೇಕಾದುದು ಇದಕ್ಕೇ.

ಪ್ರಶ್ನೆ: ರ್‍ಯಾಕನ್ನು ಮ್ಯಾಗ್ನೆಟ್ ಪಕ್ಕದಲ್ಲೇ ಇಡಬಹುದೆ?

ಉತ್ತರ: ಬೇಡ. ಚೆಲ್ಲುವ ಕಾಂತಕ್ಷೇತ್ರದಲ್ಲಿ ಡಿಸಿ-ಡಿಸಿ ಕನ್ವರ್ಟರ್‌ಗಳ ಫೆರೈಟ್ ಸ್ಯಾಚುರೇಟ್ ಆಗುತ್ತದೆ, ರಿಲೇ ಆರ್ಮೇಚರ್ ಅಂಟಿಕೊಳ್ಳುತ್ತದೆ, ಫ್ಯಾನ್ ನಿಲ್ಲುತ್ತದೆ. ಅದೂ ಪೂರ್ಣ ಕರೆಂಟಿನಲ್ಲಿ, ರಕ್ಷಣೆ ಅತಿ ಅಗತ್ಯವಿದ್ದಾಗಲೇ. ಕೋಣೆಯಲ್ಲಿ ಉಳಿಯಬೇಕಾದ್ದು ಆಮ್ಲಜನಕ ಸೆನ್ಸರ್, ಏಕೆಂದರೆ ಸೋರಿದ ಹೀಲಿಯಂ ಉಸಿರಾಡುವ ಗಾಳಿಯನ್ನು ಹೊರದೂಡುತ್ತದೆ. ಹೀಲಿಯಂ ಮೇಲೇರುವುದರಿಂದ ಒಂದನ್ನು ಚಾವಣಿ ಹತ್ತಿರ, ಇನ್ನೊಂದನ್ನು ಉಸಿರಾಡುವ ಎತ್ತರದಲ್ಲಿ ಹಾಕಿ. ಎಲೆಕ್ಟ್ರೋಕೆಮಿಕಲ್ ಸೆಲ್‌ಗಳಿಗೆ ಆಯುಸ್ಸು ಕಡಿಮೆ, ಬದಲಿಸುವ ತಾರೀಕನ್ನು ಸೆನ್ಸರ್ ಮೇಲೆಯೇ ಅಂಟಿಸಿ.