ಚುನಾವಣೆಗೆ ಕೋವಿ ಠೇವಣಿ: ವಿನಾಯಿತಿ ಕೇಳುವುದು ಹೇಗೆ

ಕಾರ್ಕಳದ ನಿಮ್ಮ ಬೆಳೆ ರಕ್ಷಣೆ ಕೋವಿಯನ್ನು ಚುನಾವಣೆಗೆ ಮುಂಚೆ ಠಾಣೆಯಲ್ಲಿಡಲು ನೋಟಿಸ್ ಬಂದಿದೆ, ವಿನಾಯಿತಿ ಸಿಗುತ್ತದಾ ಅಂತ ಕೇಳಿದ್ದೀರಿ. ಹಾಗೆ ಹೇಳಿರುವುದು ಹೆಚ್ಚಾಗಿ ಇಡೀ ಜಿಲ್ಲೆಗೆ ಹೊರಡಿಸಿದ ಆದೇಶದಿಂದ. ನಿಮ್ಮ ಮೇಲೆ ದೂರು ಇದೆ ಅಂತ ಅಲ್ಲ. ಆದರೆ ನೋಟಿಸ್ ನೋಡದೆ ಖಚಿತವಾಗಿ ಹೇಳಲಾರೆ. ಅದರಲ್ಲಿ ನಿಮ್ಮ ಹೆಸರಿಗೇ ಕಾರಣ ಬರೆದಿದ್ದಾರಾ ಅಂತ ಮೊದಲು ನೋಡಿ.

ಬರೆದಿಲ್ಲವಾದರೆ ಕೇಳಲು ದಾರಿ ಇದೆ. ಚುನಾವಣಾ ಆಯೋಗದ ಸೂಚನೆ ಪ್ರಕಾರ ಯಾರು ಕೋವಿ ಠೇವಣಿ ಇಡಬೇಕು ಅಂತ ನೋಡಲು ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಇರಬೇಕು. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸಿಕ್ಕವರು, ಇಂಥವರ ಲೈಸೆನ್ಸ್ ಅನ್ನು ಮುಖ್ಯವಾಗಿ ನೋಡಬೇಕು ಅಂತ ಅದರಲ್ಲಿದೆ. ರಾತ್ರಿ ಹಂದಿ ಓಡಿಸುವ ರೈತನನ್ನೂ ಅದೇ ಸಾಲಿಗೆ ಸೇರಿಸುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಜಿಲ್ಲಾಧಿಕಾರಿ ಹೆಸರಿಗೆ ಅರ್ಜಿ ಬರೆದು ಮಣಿಪಾಲದ ರಜತಾದ್ರಿಯಲ್ಲಿ (ಉಡುಪಿ ಜಿಲ್ಲಾಧಿಕಾರಿ ಕಚೇರಿ) ಕೊಡಿ. ಲೈಸೆನ್ಸ್ ಪ್ರತಿ, ಪಹಣಿ, ಬೆಳೆ ಹಾಳಾದ ಫೋಟೋ ಸೇರಿಸಿ. ಅರಣ್ಯ ಇಲಾಖೆಗೆ ಪರಿಹಾರ ಕೇಳಿದ್ದರೆ ಆ ಅರ್ಜಿಯ ಪ್ರತಿ ತುಂಬಾ ತೂಕದ್ದು. ನಿಮ್ಮ ಮೇಲೆ ಕೇಸ್ ಇಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ. ಕೋವಿ ಲೈಸೆನ್ಸ್‌ನಿಂದಲೇ ಕೊಡವರಿಗೆ ಇರುವ ವಿನಾಯಿತಿಯನ್ನು ಉದಾಹರಿಸಬೇಡಿ. 2029ರವರೆಗಿನ ಅದು ಕೇಂದ್ರ ಸರ್ಕಾರದ ಬೇರೆಯೇ ಅಧಿಸೂಚನೆ, ನಿಮಗೆ ಸಹಾಯ ಆಗುವುದಿಲ್ಲ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ.

ಸಮಿತಿ ಬೇಗ ಕೆಲಸ ಮುಗಿಸಬೇಕು, ಹಾಗಾಗಿ ಈ ವಾರವೇ ಹೋಗಿ.

ಉತ್ತರ ಬರುವ ಮೊದಲೇ ಗಡುವು ಬಂದರೆ ಕೋವಿ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಕೇಸ್ ಆದರೆ ಲೈಸೆನ್ಸ್‌ಗೇ ಕುತ್ತು. ಠಾಣೆಯಲ್ಲಿ ಇಟ್ಟು, ಕೋವಿ ನಂಬರ್ ಮತ್ತು ಸ್ಥಿತಿ ಬರೆದ ರಸೀದಿ ತಗೊಳ್ಳಿ. ಫಲಿತಾಂಶ ಬಂದು ಒಂದು ವಾರ ಕಳೆದ ಮೇಲೆ ವಾಪಸ್ ಕೊಡಬೇಕು. ಅರ್ಜಿ ತಿರಸ್ಕರಿಸಿದರೆ ಲಿಖಿತ ಆದೇಶ ಕೇಳಿ, ಅದನ್ನು ವಕೀಲರಿಗೆ ತೋರಿಸಿ.